ಶ್ರೀಧವಲದ ಓಲೆಗಳೂ ಅವುಗಳ ಓದುಗರೂ

ಮೂಡಬಿದಿರೆಯ ಗುರುಬಸದಿಗೆ ಸಿದ್ಧಾಂತ ಬಸದಿಯೆಂಬ ಇನ್ನೊಂದು ಹೆಸರುಂಟು. ಆ ಹೆಸರು ಬಂದುದು ಗರ್ಭಗೃಹದ ಪಾರ್ಶ್ವನಾಥಸ್ವಾಮಿಯ ಮೂರ್ತಿಯಿಂದಲ್ಲ. ಶತಮಾನಗಳ ಕಾಲ ಅಲ್ಲಿ ರಕ್ಷಿತವಾಗಿದ್ದ ಕೆಲವು ಓಲೆಯ ಕಟ್ಟುಗಳಿಂದ. ಧವಲ, ಜಯಧವಲ, ಮಹಾಧವಲಗಳೆಂದು ಪ್ರಸಿದ್ಧವಾದ ಈ ಗ್ರಂಥಗಳ ಪ್ರಾಚೀನ ಪ್ರತಿಗಳು ಭರತಖಂಡದಲ್ಲಿ ಬೇರೆಲ್ಲಿಯೂ ಉಳಿಯದೆ ಇಲ್ಲಿ ಮಾತ್ರ ಉಳಿದುವು. ಅವುಗಳ ಮೂಲಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು, ಕಾಲ ಹೊಯ್ಸಳ ವಿಷ್ಣುವರ್ಧನನದು, ಕೆಲವು ಓಲೆಗಳಲ್ಲಿ ಬಣ್ಣದ ಚಿತ್ರಗಳಿವೆ. ಇಷ್ಟನ್ನು ಸಾಹಿತ್ಯಾಭಿಮಾನಿಗಳೆಲ್ಲರೂ ಬಲ್ಲರು. ಆದರೆ ಇವುಗಳ ವಿಷಯದಲ್ಲಿ ಈವರೆಗೆ ನಡೆದಿರುವ ವಿಮರ್ಶೆಯು ಎರಡು ಕವಲಾಗಿ ಒಡೆದಿರುವುದು. ಸಿದ್ಧಾಂತವನ್ನು ಸಂಪಾದಿಸಿದ ಪಂಡಿತರು ಅಕ್ಷರಗಳನ್ನು ಓದಿ ಚಿತ್ರಗಳನ್ನು ಬದಿಗಿಟ್ಟರು. ಕಲೆಯ ಚರಿತ್ರೆಯನ್ನು ಬರೆದವರು ಚಿತ್ರಗಳನ್ನು ಬಣ್ಣಿಸಿ ಅಕ್ಷರಗಳನ್ನು ಬದಿಗಿಟ್ಟರು. ಒಂದೇ ಓಲೆಯನ್ನು ಹಿಡಿದುಕೊಂಡು ಇಬ್ಬರೂ ಎರಡು ಬೇರೆ ವಸ್ತುಗಳನ್ನು ಕಂಡಂತಾಯಿತು. ಆ ಓಲೆಯನ್ನು ಬರೆಯಿಸಿದವರು ಯಾರು, ಓದಿದವರು ಯಾರು, ಓದಲಾರದೆ ಕೈಮುಗಿದವರು ಯಾರು ಎಂಬ ಪ್ರಶ್ನೆಯನ್ನೆತ್ತಿದಲ್ಲದೆ ಅಕ್ಷರಕ್ಕೂ ಚಿತ್ರಕ್ಕೂ ಇರುವ ಸಂಬಂಧವು ತಿಳಿಯುವಂತಿಲ್ಲ.

ಈ ಪ್ರಶ್ನೆಯು ತುಂಗಭದ್ರೆಯ ಈಚೆಯ ದಡದ ವಾಚಕರಿಗೆ ದೂರದ್ದೆಂದು ತೋರಬಹುದು. ಹಾಗಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯು ಒಂದು ಕಾಲಕ್ಕೆ ಕೋಗಳಿ ಐನೂರೆಂಬ ನಾಡಿಗೆ ತಲೆಯೂರಾಗಿದ್ದು, ಅಲ್ಲಿಯ ಬಸದಿಯನ್ನು ಗಂಗರ ದುರ್ವಿನೀತನು ಕಟ್ಟಿಸಿದನೆಂದು ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲದ, ಎಂದರೆ ಕ್ರಿ. ಶ. 1055ರ ಶಾಸನವು ಹೇಳುತ್ತದೆ. ಆ ವರ್ಷ ಬಸದಿಗೆ ದತ್ತಿಯನ್ನು ಕೊಟ್ಟ ಇಂದ್ರಕೀರ್ತಿಮುನಿಯನ್ನು ಶಾಸನವು ಕವಿಗಳಿಗೆ ಆಚಾರ್ಯನೆಂದೂ ಸರ್ವಶಾಸ್ತ್ರಗಳನ್ನು ಬಲ್ಲವನೆಂದೂ ಕೊಂಡಾಡಿದೆ. ಇಂತಹ ಮುನಿಗಳು ಯಾವ ಕಟ್ಟನ್ನು ಬಿಚ್ಚಿ ಯಾರಿಗೆ ಓದಿಹೇಳುತ್ತಿದ್ದರೆಂಬುದನ್ನು ಕಲ್ಲು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಉಳಿದು ಬಂದಿರುವ ಮೂಡಬಿದಿರೆಯ ಓಲೆಗಳನ್ನೇ ಕೇಳಬೇಕಾಗಿದೆ.

ಮೊದಲು ಗ್ರಂಥದ ವಿಷಯ. ಗಿರಿನಗರದ ಚಂದ್ರಗುಹೆಯಲ್ಲಿ ವಾಸವಾಗಿದ್ದ ಧರಸೇನಾಚಾರ್ಯರು, ಶ್ರುತಜ್ಞಾನವು ತಮ್ಮೊಡನೆ ಅಳಿದುಹೋದೀತೆಂಬ ಭಯದಿಂದ ದಕ್ಷಿಣದ ಮುನಿಸಂಘಕ್ಕೆ ಹೇಳಿಕಳುಹಿಸಿ ಇಬ್ಬರು ಸಮರ್ಥರನ್ನು ಕರೆಯಿಸಿಕೊಂಡು ಕರ್ಮಪ್ರಾಭೃತವನ್ನು ಬೋಧಿಸಿದರೆಂಬುದು ಸಂಪ್ರದಾಯ. ಆ ಇಬ್ಬರು ಪುಷ್ಪದಂತರೂ ಭೂತಬಲಿಗಳೂ. ಪುಷ್ಪದಂತರು ಬನವಾಸಿಗೆ ಬಂದು 177 ಸೂತ್ರಗಳನ್ನು ರಚಿಸಿ, ತಮ್ಮ ಶಿಷ್ಯನಾದ ಜಿನಪಾಲಿತನ ಕೈಯಲ್ಲಿ ಅವನ್ನು ದ್ರಮಿಳದೇಶದಲ್ಲಿದ್ದ ಭೂತಬಲಿಗಳಿಗೆ ಕಳುಹಿಸಿದರು. ಉಳಿದುದನ್ನು ಭೂತಬಲಿಗಳು ಪೂರ್ಣಗೊಳಿಸಿದರು. ಜೀವಸ್ಥಾನ, ಕ್ಷುದ್ರಕಬಂಧ, ಬಂಧಸ್ವಾಮಿತ್ವವಿಚಯ, ವೇದನಾ, ವರ್ಗಣಾ, ಮಹಾಬಂಧ ಎಂಬ ಆರು ಖಂಡಗಳುಳ್ಳುದರಿಂದ ಇದಕ್ಕೆ ಷಟ್ಖಂಡಾಗಮವೆಂದು ಹೆಸರು. ಗ್ರಂಥವು ಬರಹಕ್ಕಿಳಿದು ಮುಗಿದ ದಿನವೆಂದು ಜ್ಯೇಷ್ಠ ಶುದ್ಧ ಪಂಚಮಿಯನ್ನು ಜೈನರು ಶ್ರುತಪಂಚಮಿಯೆಂದು ಆಚರಿಸುತ್ತಾರೆ. ದೇವರ ಜನ್ಮದಿನಗಳನ್ನು ಆಚರಿಸುವ ನಾಡಿನಲ್ಲಿ ಪುಸ್ತಕವೊಂದು ಬರೆದು ಮುಗಿದ ದಿನವೂ ಪರ್ವವಾಗಿರುವುದು ಸಾಮಾನ್ಯವಾದ ಸಂಗತಿಯಲ್ಲ. ಈ ಪಂಚಮಿಯ ಮಾತು ಮುಂದೆ ಮತ್ತೆ ಬರುವುದರಿಂದ ವಾಚಕರು ನೆನಪಿನಲ್ಲಿಡತಕ್ಕದ್ದು.

ಮೊದಲ ಐದು ಖಂಡಗಳನ್ನು ಆಧರಿಸಿ ವೀರಸೇನಾಚಾರ್ಯರು ಬರೆದ ಮಹಾಟೀಕೆಯೇ ಧವಲ. ಇದು ಕ್ರಿ. ಶ. 816ರಲ್ಲಿ ಮುಗಿಯಿತೆಂದು ಡಾ. ಹೀರಾಲಾಲ ಜೈನರು ನಿರ್ಣಯಿಸಿರುವರು. ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂಬ ಹಳೆಯ ಲೆಕ್ಕದಂತೆ ಧವಲದ ಪ್ರಮಾಣ 72,000 ಗ್ರಂಥ. ಗುಣಧರಾಚಾರ್ಯರ ಕಷಾಯಪ್ರಾಭೃತಕ್ಕೆ ಬರೆದ ಜಯಧವಲ 60,000; ಅದರಲ್ಲಿ 20,000 ಆಗುವಾಗ ವೀರಸೇನರು ಸ್ವರ್ಗಸ್ಥರಾದುದರಿಂದ ಉಳಿದ 40,000ವನ್ನು ಶಿಷ್ಯರಾದ ಜಿನಸೇನರು ಕ್ರಿ. ಶ. 837ರಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಆಳಿಕೆಯಲ್ಲಿ, ಮುಗಿಸಿದರು. ಮಹಾಧವಲವೆಂಬ ಹೆಸರಿನ ಕಟ್ಟಿನಲ್ಲಿರುವುದು ಆರನೆಯ ಖಂಡವಾದ ಮಹಾಬಂಧ.

ಇಷ್ಟು ದೊಡ್ಡ ಗ್ರಂಥದಲ್ಲಿರುವುದೇನು? ಕಥೆಯಿಲ್ಲ, ಸ್ತೋತ್ರವಿಲ್ಲ, ಪುರಾಣಪುರುಷರ ಚರಿತ್ರೆಯಿಲ್ಲ. ಜೀವನಿಗೆ ಕರ್ಮವು ಹೇಗೆ ಅಂಟುತ್ತದೆ, ಎಷ್ಟು ಕಾಲ ಅಂಟಿರುತ್ತದೆ, ಎಷ್ಟು ತೀವ್ರವಾಗಿ ಫಲ ಕೊಡುತ್ತದೆ, ಯಾವ ಮೆಟ್ಟಿಲಲ್ಲಿ ಎಷ್ಟು ಜೀವರು ಇರುವರು ಎಂಬುದರ ಎಣಿಕೆಯಿದೆ. ಎಣಿಕೆಯೆಂದರೆ ಅಕ್ಷರಶಃ ಎಣಿಕೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ ಒಂದು ಉಳಿಯುವುದೋ ಅದಕ್ಕೆ ವೀರಸೇನರು ಅರ್ಧಚ್ಛೇದವೆಂದು ಹೆಸರಿಡುವರು; ಹದಿನಾರಕ್ಕೆ ಅರ್ಧಚ್ಛೇದ ನಾಲ್ಕು, ಮೂವತ್ತೆರಡಕ್ಕೆ ಐದು. ಪಾಶ್ಚಾತ್ಯರು ಹದಿನೇಳನೆಯ ಶತಮಾನದಲ್ಲಿ ಲಾಗರಿದಮ್ ಎಂದು ಕರೆದ ಗಣಿತದ ಒಂದು ಬಗೆ ಇದೇ ಆಗಿರುವುದೆಂದು ಲಖನೌ ವಿಶ್ವವಿದ್ಯಾಲಯದ ಅವಧೇಶನಾರಾಯಣ ಸಿಂಹರು ತೋರಿಸಿಕೊಟ್ಟಿರುವರು. ಇನ್ನೊಂದು ಕ್ರಿಯೆಗೆ ವರ್ಗಿತಸಂವರ್ಗಿತವೆಂದು ಹೆಸರು: ಒಂದು ಸಂಖ್ಯೆಯನ್ನು ಅದರಷ್ಟೇ ಸಲ ಇಟ್ಟು ಒಂದರಿಂದೊಂದನ್ನು ಗುಣಿಸುವುದು. ಎರಡರಿಂದ ತೊಡಗಿದರೆ ಮೊದಲ ಸಲ ನಾಲ್ಕು, ಎರಡನೆಯ ಸಲ 256, ಮೂರನೆಯ ಸಲ 256ನ್ನು 256 ಸಲ ಇಟ್ಟು ಗುಣಿಸಿದ ಮೊತ್ತ. ಆ ಮೊತ್ತವನ್ನು ಅಂಕೆಗಳಲ್ಲಿ ಬರೆದರೆ 617 ಅಂಕೆಗಳಾಗುವುವು. ಮೂರೇ ಹೆಜ್ಜೆಯಲ್ಲಿ ಮನಸ್ಸು ಹಿಡಿಯಲಾರದ ಸಂಖ್ಯೆ! ಅನಂತವನ್ನು ಬರಿಯ ಸ್ತುತಿಯ ಮಾತಾಗಿ ಬಿಡದೆ, ಅದರಲ್ಲಿಯೂ ಹಿರಿದು ಕಿರಿದುಗಳನ್ನು ವಿಂಗಡಿಸಬೇಕೆಂಬ ಛಲವು ಈ ಟೀಕಾಕಾರರದು.

ಅದಕ್ಕಿಂತಲೂ ಮೆಚ್ಚತಕ್ಕದ್ದು ಅವರ ವಾದದ ರೀತಿ. ಶಂಕೆಯನ್ನು ತಾವೇ ಎತ್ತುವರು, ಸಮಾಧಾನವನ್ನು ತಾವೇ ಹೇಳುವರು. ಸಮಾಧಾನದ ಮೇಲೆ ಮತ್ತೆ ಶಂಕೆ. ಹಿಂದಿನ ಆಚಾರ್ಯರಲ್ಲಿ ಭಿನ್ನಾಭಿಪ್ರಾಯವಿದ್ದಲ್ಲಿ ಒಂದನ್ನು ಮರೆಮಾಡಿ ಇನ್ನೊಂದನ್ನು ಎತ್ತಿಹಿಡಿಯುವುದಿಲ್ಲ. ಇದು ದಕ್ಷಿಣಪ್ರತಿಪತ್ತಿ, ಇದು ಉತ್ತರಪ್ರತಿಪತ್ತಿ ಎಂದು ಎರಡನ್ನೂ ಇಡುವರು. ದಕ್ಷಿಣದ್ದು ಋಜುವಾದುದೆಂದು ತಮ್ಮ ಒಲವನ್ನು ಸೂಚಿಸುವರು. ನಿರ್ಣಯಿಸಬಲ್ಲ ಕೇವಲಿಗಳು ಈಗಿಲ್ಲವಾದುದರಿಂದ ಎರಡನ್ನೂ ಕಾಪಾಡತಕ್ಕದ್ದೆಂದು ಕೆಲವೆಡೆಗಳಲ್ಲಿ ಬಿಟ್ಟುಬಿಡುವರು. ಪ್ರಾಕೃತವೂ ಸಂಸ್ಕೃತವೂ ಮಣಿಪ್ರವಾಳದಂತೆ ಬೆರೆತ ಆ ಗದ್ಯವು ಅಭ್ಯಾಸವಿಲ್ಲದವರಿಗೆ ಕಬ್ಬಿಣದ ಕಡಲೆಯೇ ಸರಿ. ಆದರೆ ವಾದಿಯ ಮರ್ಯಾದೆಯನ್ನು ಕಲಿಯಬೇಕೆಂಬವರಿಗೆ ಅದಕ್ಕಿಂತ ಒಳ್ಳೆಯ ಪಾಠ ವಿರಳ.

ಹೀಗಿರುವ ಗ್ರಂಥಕ್ಕೆ ಓದುಗರೆಷ್ಟು ಜನರಿದ್ದಾರು? ಬಹಳ ಮಂದಿಯಿರಲಿಲ್ಲವೆಂಬುದು ನಿಶ್ಚಯ. ಆದರೆ ಇದ್ದವರು ಹೆಸರುವಾಸಿಗಳು. ಶ್ರವಣಬೆಳಗೊಳದ ಶಾಸನಗಳಲ್ಲಿ ಸಿದ್ಧಾಂತದೇವ, ಸೈದ್ಧಾಂತಿಕ, ಸಿದ್ಧಾಂತಚಕ್ರವರ್ತಿ ಎಂಬ ಬಿರುದುಗಳು ಮೇಲಿಂದ ಮೇಲೆ ಬರುವುದುಂಟು. ಇವು ಬರಿಯ ಗೌರವದ ಮಾತುಗಳಲ್ಲ. ಈ ಕಟ್ಟುಗಳನ್ನು ಗುರುಮುಖದಿಂದ ಓದಿದವರೆಂಬ ಯೋಗ್ಯತಾಪತ್ರಗಳು. ಚಕ್ರವರ್ತಿಯು ಭೂಮಿಯ ಆರು ಖಂಡಗಳನ್ನು ಗೆಲ್ಲುವಂತೆ ಆಗಮದ ಆರು ಖಂಡಗಳನ್ನು ಗೆದ್ದವನು ಸಿದ್ಧಾಂತಚಕ್ರವರ್ತಿ. ಹತ್ತನೆಯ ಶತಮಾನದಲ್ಲಿ ಆ ಬಿರುದನ್ನು ಹೊತ್ತ ನೇಮಿಚಂದ್ರರು ಚಾವುಂಡರಾಯನಿಗಾಗಿ ಇಡಿಯ ಸಿದ್ಧಾಂತವನ್ನು ಗೊಮ್ಮಟಸಾರವೆಂಬ ಗಾಥೆಗಳಲ್ಲಿ ಸಂಗ್ರಹಿಸಿದರು. ಕ್ರಿ. ಶ. 1359ರಲ್ಲಿ ಕೇಶವಣ್ಣನು ಅದಕ್ಕೆ ಕನ್ನಡದಲ್ಲಿ ವೃತ್ತಿಯನ್ನೂ ಬರೆದನು. ಸಂಗ್ರಹವು ಸುಲಭವಾಗಿ ಸಿಕ್ಕಮೇಲೆ ಮೂಲದ ಕಡೆಗೆ ಹೋಗುವವರು ಕಡಿಮೆಯಾದರು. ಎಲ್ಲ ಶಾಸ್ತ್ರಗಳಿಗೂ ಒದಗುವ ಗತಿಯಿದು. ಕೌಮುದಿಯನ್ನು ಓದಿ ಮಹಾಭಾಷ್ಯವನ್ನು ಕಪಾಟಿನಲ್ಲಿ ಇಡುವುದು ಪಾಠಶಾಲೆಗಳಲ್ಲಿಯೂ ಕಂಡ ವಿಷಯವೇ.

ಇದಲ್ಲದೆ ಇನ್ನೊಂದು ಕಟ್ಟಳೆಯಿದ್ದಿತು. ಸಿದ್ಧಾಂತರಹಸ್ಯವನ್ನು ಅಧ್ಯಯನ ಮಾಡಲು ಗೃಹಸ್ಥರಿಗೆ ಅಧಿಕಾರವಿಲ್ಲವೆಂದು ವಸುನಂದಿಯ ಶ್ರಾವಕಾಚಾರ ಮೊದಲಾದ ಗ್ರಂಥಗಳು ವಿಧಿಸಿದುವು. ಓದತಕ್ಕವರು ಮುನಿಗಳು. ಆದರೆ ಮುನಿಗಳ ಕೈಯಲ್ಲಿ ಹಣವಿಲ್ಲ, ಓಲೆಯಿಲ್ಲ, ಲಿಪಿಕಾರನಿಗೆ ಕೊಡುವ ಸಂಬಳವಿಲ್ಲ. ಅದನ್ನು ಕೊಡತಕ್ಕವರು ಗೃಹಸ್ಥರು. ಎಂದಮೇಲೆ ಈ ಪುಸ್ತಕಗಳೆಲ್ಲವೂ ಓದಲು ಅಧಿಕಾರವಿಲ್ಲದವರ ದ್ರವ್ಯದಿಂದ ಹುಟ್ಟಿದುವು.

ಆ ಗೃಹಸ್ಥರಾದರೂ ಯಾರು? ಇಲ್ಲಿ ಓಲೆಯ ಕೊನೆಯಲ್ಲಿರುವ ಪ್ರಶಸ್ತಿಗಳು ಸಾಕ್ಷಿಯಾಗಿವೆ. ಧವಲದ ಪ್ರತಿಯನ್ನು ಬರೆಯಿಸಿದವಳು ದೇಮಿಯಕ್ಕ. ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನಿಗೆ ಅತ್ತೆಯಾದ ಈಕೆಯು ಶ್ರುತಪಂಚಮಿಯ ನೋಂಪಿಯನ್ನು ನೋಂತು, ಅದರ ಉದ್ಯಾಪನೆಯಲ್ಲಿ ಬನ್ನಿಯಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಪುಸ್ತಕವನ್ನು ಒಪ್ಪಿಸಿದಳು. ಬನ್ನಿಯಕೆರೆಯ ಬಸದಿಯು 1113ರ ಹೊತ್ತಿನದು. ಶ್ರವಣಬೆಳಗೊಳದ ಶಾಸನವೊಂದು 1120ರಲ್ಲಿ ದೇಹವನ್ನು ಬಿಟ್ಟ ದೇಮಿಯಕ್ಕನನ್ನು ಕುರಿತದ್ದು. ಅವಳು ಚಾಮುಂಡನೆಂಬ ವರ್ತಕನ ಹೆಂಡತಿ, ದಂಡನಾಯಕ ಗಂಗರಾಜನ ಹೆಂಡತಿ ಲಕ್ಕಲೆಯ ಒಡಹುಟ್ಟಿದವಳು, ಶುಭಚಂದ್ರರ ಶಿಷ್ಯೆ. ಶುಭಚಂದ್ರರ ನಿಸಿದಿಯ ಶಾಸನ 1123ರದು. ಇವರಿಬ್ಬರೂ ಒಬ್ಬಳೇ ಎಂಬುದು ಹೀರಾಲಾಲರ ಊಹೆ. ಗುರುವಿನ ಹೆಸರೂ ಕಾಲವೂ ಕೂಡಿಬರುವುದರಿಂದ ಅದನ್ನು ಒಪ್ಪಲು ಅಡ್ಡಿಯಿಲ್ಲ. ಮಹಾಬಂಧದ ಪ್ರತಿಯೂ ಹೀಗೆಯೇ. ಶಾಂತಿಸೇನನ ಮಡದಿಯಾದ ಮಲ್ಲಿಕಬ್ಬೆಯು ಶ್ರೀಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿಮುನಿಗಳಿಗೆ ಕೊಟ್ಟುದು. ಪುಸ್ತಕ ಹುಟ್ಟಿದ ದಿನವೇ ನೋಂಪಿಯ ದಿನ. ನೋಂಪಿಯ ಫಲವೇ ಇನ್ನೊಂದು ಪುಸ್ತಕ. ಹೆಂಗಸರ ವ್ರತವೊಂದು ಇಲ್ಲದಿದ್ದರೆ ಪ್ರಾಕೃತದ ಈ ಮಹಾಗಣಿತವು ಇಂದಿನವರೆಗೆ ಉಳಿಯುತ್ತಿರಲಿಲ್ಲ.

ಇಲ್ಲಿ ಅತ್ತಿಮಬ್ಬೆಯನ್ನು ನೆನೆಯದಿರಲಾಗದು. ಅವಳು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಲೋಕವಿಖ್ಯಾತ. ಹೂವಿನ ಹಡಗಲಿಯಿಂದ ತುಂಗಭದ್ರೆಯನ್ನು ದಾಟಿದರೆ ಅವಳ ಲಕ್ಕುಂಡಿ ದೂರವಿಲ್ಲ. ಆದರೆ ಅವಳು ಹಂಚಿದ್ದು ಕನ್ನಡದ ಪುರಾಣವನ್ನು. ಮನೆಮನೆಯಲ್ಲಿ ಓದಿ ಕೇಳತಕ್ಕದ್ದನ್ನು. ದೇಮಿಯಕ್ಕ ಮಾಡಿಸಿದ್ದು ಒಂದೇ ಪ್ರತಿ, ಒಬ್ಬ ಗುರುವಿಗೆ. ಶಾಸ್ತ್ರದಾನವೆಂಬ ಹೆಸರು ಎರಡಕ್ಕೂ ಒಂದೇ ಆದರೂ ಒಂದು ಬಿತ್ತನೆ, ಇನ್ನೊಂದು ನಿಕ್ಷೇಪ.

ಈಗ ಚಿತ್ರಗಳ ವಿಚಾರ. ಓಲೆಯು ಶ್ರೀತಾಳದ್ದು; ಸಾಮಾನ್ಯವಾದ ತಾಳೆಗರಿಗಿಂತ ಅಗಲ, ತೆಳುವು, ಮೃದು. ದಕ್ಷಿಣದಲ್ಲಿ ಕಂಟದಿಂದ ಕೊರೆದು ಮಸಿ ತುಂಬುವುದು ರೂಢಿಯಾದರೂ ಇಲ್ಲಿ ಅಕ್ಷರಗಳನ್ನು ಅರಗಿನ ಮಸಿಯಿಂದ ಲೇಖನಿಯಲ್ಲಿ ಬರೆದಿದೆ. ದಪ್ಪವಾದ, ದುಂಡಾದ, ಒಂದಕ್ಕೊಂದು ತಾಕದ ಆ ಹಳಗನ್ನಡದ ಸಾಲುಗಳೇ ಮೊದಲನೆಯ ಅಲಂಕಾರವೆಂದರೆ ತಪ್ಪಾಗದು. ನೂರಾರು ಓಲೆಗಳಲ್ಲಿ ಚಿತ್ರವಿರುವುವು ಕೆಲವೇ. ಅವೂ ಓಲೆಯ ನಡುವಿನಲ್ಲಿಯೋ ಎರಡು ತುದಿಗಳಲ್ಲಿಯೋ ಅಡಗಿರುವ ಚಿಕ್ಕ ಚೌಕಗಳು. ಕೆಂಪು ನೆಲ, ಅದರ ಮೇಲೆ ಹಳದಿ, ಹಸುರು, ಬಿಳಿ, ಕಪ್ಪು. ಚಾಮರಧಾರಿಗಳ ನಡುವೆ ಕುಳಿತ ಜಿನ, ಹೆಡೆಯ ಕೆಳಗಿನ ಪಾರ್ಶ್ವನಾಥ, ಬಳ್ಳಿ ಹಬ್ಬಿದ ಬಾಹುಬಲಿ ಮತ್ತು ಪಕ್ಕದಲ್ಲಿ ಅವನ ಸೋದರಿಯರು, ಮಾವಿನ ಮರದಡಿಯಲ್ಲಿ ಮಕ್ಕಳೊಡನೆ ಅಂಬಿಕೆ, ಶ್ರುತದೇವಿ, ಕೈಮುಗಿದು ನಿಂತ ಭಕ್ತರು. ಸಿ. ಶಿವರಾಮಮೂರ್ತಿಗಳು ದಕ್ಷಿಣದ ಚಿತ್ರಕಲೆಯನ್ನು ಕುರಿತು ಬರೆಯುವಾಗ ಇವುಗಳಿಗೆ ಒಳ್ಳೆಯ ಸ್ಥಾನವನ್ನು ಕೊಟ್ಟಿರುವರು. ಹೊಯ್ಸಳರ ಕಾಲದ ಕಲ್ಲುಕೆಲಸ ಬೇಲೂರು ಹಳೆಯಬೀಡುಗಳಲ್ಲಿ ರಾಶಿರಾಶಿಯಾಗಿ ಉಳಿದಿದ್ದರೂ ಆ ಕಾಲದ ಬಣ್ಣದ ಕೆಲಸಕ್ಕೆ ಈ ಓಲೆಗಳಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ಮೆಚ್ಚುವಾಗಲೂ ವಿವೇಚನೆ ಬೇಕು. ಜಿನಬಿಂಬಗಳು ಶಿಲ್ಪದ ಲಕ್ಷಣವನ್ನು ಚಾಚೂ ತಪ್ಪದೆ ಅನುಸರಿಸುವುದರಿಂದ ಅಲ್ಲಿ ಚಿತ್ರಕಾರನ ಕೈಗೆ ಸ್ವಾತಂತ್ರ್ಯ ಕಡಿಮೆ. ಅವನ ಕೈ ಹಗುರವಾಗುವುದು ಅಂಚಿನವರಲ್ಲಿ: ಅಂಬಿಕೆಯ ಸೊಂಟದ ಬಳುಕು, ಭಕ್ತರ ಉಡುಗೆತೊಡುಗೆ, ಎತ್ತಿದ ಕೈಗಳ ಸಾಲು ಇವುಗಳಲ್ಲಿ. ಪೂಜ್ಯರಿಗಿಂತ ಪೂಜಕರನ್ನು ಅವನು ಚೆನ್ನಾಗಿ ಕಂಡಿದ್ದನೆಂದು ತೋರುತ್ತದೆ.

ಮುಖ್ಯವಾದ ಮಾತೆಂದರೆ, ಈ ಚಿತ್ರಗಳಿಗೂ ಅವುಗಳ ಪಕ್ಕದ ಸಾಲುಗಳಿಗೂ ಅರ್ಥಸಂಬಂಧವಿಲ್ಲ. ಅರ್ಧಚ್ಛೇದವನ್ನು ವಿವರಿಸುವ ವಾಕ್ಯದ ಬದಿಯಲ್ಲಿ ಅಂಬಿಕೆಯಿದ್ದರೆ ಅದು ಅರ್ಧಚ್ಛೇದಕ್ಕೆ ನಿದರ್ಶನವಲ್ಲ. ಗುಜರಾತಿನ ಕಲ್ಪಸೂತ್ರದ ಪ್ರತಿಗಳಲ್ಲಿ ಹೀಗಲ್ಲ. ಅಲ್ಲಿ ಮಹಾವೀರನ ಜನನವನ್ನು ಹೇಳುವಲ್ಲಿ ಜನನದ ಚಿತ್ರವೇ ಇರುವುದು, ಅಕ್ಷರವನ್ನರಿಯದವನು ಕೂಡ ಕಥೆಯನ್ನು ಕಣ್ಣಿನಿಂದ ಓದಬಹುದು. ಧವಲಕ್ಕೆ ಹತ್ತಿರದ ಹೋಲಿಕೆ ಪೂರ್ವದೇಶದಲ್ಲಿದೆ. ಪಾಲರ ಕಾಲದಲ್ಲಿ ನಾಲಂದ ಮೊದಲಾದ ವಿಹಾರಗಳಲ್ಲಿ ಬರೆದ ಪ್ರಜ್ಞಾಪಾರಮಿತೆಯ ಓಲೆಗಳಲ್ಲಿಯೂ ಶೂನ್ಯವಾದದ ಕಠಿಣವಾಕ್ಯಗಳ ನಡುವೆ ಬುದ್ಧನ ಜೀವನದ ಘಟನೆಗಳೂ ತಾರೆಯರೂ ಕುಳಿತಿದ್ದಾರೆ; ಪಾಠಕ್ಕೂ ಅವಕ್ಕೂ ಸಂಬಂಧವಿಲ್ಲ. ಇದನ್ನು ಕಂಡು ಕೆಲವರು ಇಂತಹ ಚಿತ್ರಗಳು ಬರಿಯ ರಕ್ಷೆಗಳೆಂದರು. ಧವಲದ ಮಟ್ಟಿಗೆ ಆ ಉತ್ತರ ಸಾಲದು. ಅಕ್ಷರವು ಮುನಿಗೆ, ಚಿತ್ರವು ದಾನಿಗೆ ಎಂದು ತಿಳಿದರೆ ಎಲ್ಲವೂ ಸರಿಹೊಂದುವುದು. ತನ್ನ ದ್ರವ್ಯದಿಂದ ಹುಟ್ಟಿದ ಪುಸ್ತಕದಲ್ಲಿ ದೇಮಿಯಕ್ಕ ತಾನು ಗುರುತಿಸಬಲ್ಲುದನ್ನು, ತಾನು ದಿನವೂ ಬಸದಿಯಲ್ಲಿ ನೋಡುತ್ತಿದ್ದುದನ್ನು, ಕಂಡಳು; ಕೈಮುಗಿದ ಭಕ್ತರ ಸಾಲಿನಲ್ಲಿ ತನ್ನಂತಹವರನ್ನೂ ಕಂಡಳು. ಪ್ರಶಸ್ತಿಯ ಪದ್ಯಗಳು ಪ್ರಾಕೃತದಲ್ಲಿಲ್ಲದೆ ಕನ್ನಡದಲ್ಲಿರುವುದೂ ಇದೇ ಕಾರಣದಿಂದ. ಚಿತ್ರವೂ ಕನ್ನಡದ ಪದ್ಯವೂ ಒಂದೇ ಕಡೆಗೆ ಮುಖಮಾಡಿವೆ. ಒಂದೇ ಓಲೆಯಲ್ಲಿ ಇಬ್ಬರು ಓದುಗರಿಗೆ ಎರಡು ಬಾಗಿಲುಗಳು.

ಮುಂದೆ ಒಳಬಾಗಿಲು ಮುಚ್ಚಿತು, ಹೊರಬಾಗಿಲು ಮಾತ್ರ ಉಳಿಯಿತು. ಈ ಕಟ್ಟುಗಳು ಘಟ್ಟದ ಮೇಲಿನಿಂದ ಯಾವಾಗಲೋ ಮೂಡಬಿದಿರೆಗೆ ಇಳಿದುವು. ಸಿದ್ಧಾಂತವನ್ನು ಪಾಠ ಹೇಳಬಲ್ಲ ಮುನಿಗಳ ಪರಂಪರೆ ಕ್ಷೀಣಿಸಿತು. ಯಾತ್ರಿಕರು ಬಂದು ಬೆಲೆಬಾಳುವ ಹರಳುಗಳ ಪ್ರತಿಮೆಗಳ ಜತೆಯಲ್ಲಿ ಸಿದ್ಧಾಂತದರ್ಶನವನ್ನೂ ಮಾಡಿ ಕಾಣಿಕೆ ಸಲ್ಲಿಸಿ ಹೋಗುವುದು ಪದ್ಧತಿಯಾಯಿತು. ಗ್ರಂಥವು ದೇವರಾಯಿತು. ಹಾಗಾಗಿ ಉಳಿಯಿತೆಂಬುದನ್ನು ಮರೆಯಲಾಗದು. ಓದುವವರಿದ್ದ ಎಷ್ಟೋ ಬಸದಿಗಳ ಓಲೆಗಳು ಹೇಳಹೆಸರಿಲ್ಲದಂತಾದುವು. ಆದರೆ ಒಳಗೆ ಏನಿದೆಯೆಂಬುದೇ ಕಾಯುವವರಿಗೂ ತಿಳಿಯದ ಸ್ಥಿತಿ ಬಂದಿತು. ಮಹಾಧವಲದ ಕಟ್ಟಿನ ಮೊದಲಲ್ಲಿ ಸತ್ಕರ್ಮಪಂಜಿಕೆಯೆಂಬ ಬೇರೆಯ ಗ್ರಂಥವಿದ್ದುದರಿಂದ, ನಿಜವಾದ ಮಹಾಬಂಧ ಉಳಿದಿದೆಯೋ ಇಲ್ಲವೋ ಎಂದು ವಿದ್ವಾಂಸರು ಇಪ್ಪತ್ತನೆಯ ಶತಮಾನದಲ್ಲಿಯೂ ಸಂದೇಹಪಟ್ಟರು. ಮೂಡಬಿದಿರೆಯಲ್ಲಿ ಪಂಡಿತ ಲೋಕನಾಥ ಶಾಸ್ತ್ರಿಗಳು ಕಟ್ಟನ್ನು ಪರಿಶೀಲಿಸಿದ ಮೇಲೆಯೇ ಆ ಸಂದೇಹ ಹರಿಯಿತು.

1883ರ ಸುಮಾರಿಗೆ ಮುಂಬಯಿಯ ಶೇಠ ಮಾಣಿಕಚಂದರು ಯಾತ್ರೆಗೆ ಬಂದು ಈ ಕಟ್ಟುಗಳನ್ನು ಕಂಡು, ಓಲೆಗಳು ಜೀರ್ಣವಾಗುತ್ತಿರುವುದಕ್ಕೆ ಮರುಗಿದರು. ಸೊಲ್ಲಾಪುರದ ಶೇಠ ಹೀರಾಚಂದ ನೇಮಚಂದರು ಅವರ ಮಾತನ್ನು ಕೇಳಿ ಮರುವರ್ಷವೇ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಕರೆದುಕೊಂಡು ಹೋದರು. ಆದರೂ ಪ್ರತಿಮಾಡುವ ಕೆಲಸ ತೊಡಗಿದುದು 1896ರ ಹೊತ್ತಿಗೆ, ಮುಗಿದುದು 1922ರಲ್ಲಿ. ಇಪ್ಪತ್ತಾರು ವರ್ಷಗಳು! ಪ್ರತಿಯನ್ನು ಊರಿನಿಂದ ಹೊರಗೆ ಒಯ್ಯಕೂಡದೆಂಬ ನಿರ್ಬಂಧವೂ ಇದ್ದಿತು. ಲಿಪಿಕಾರರಲ್ಲಿ ಒಬ್ಬರಾದ ಮಿರಜದ ಗಜಪತಿ ಉಪಾಧ್ಯಾಯರು ಹೆಂಡತಿಯಾದ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿ ಉತ್ತರದ ಸಹಾರನಪುರಕ್ಕೆ ಮುಟ್ಟಿಸಿದರು. ಅಲ್ಲಿ ಅದು ನಾಗರಿಗೆ ಇಳಿಯಿತು; ಅಲ್ಲಿಂದ ಪ್ರತಿಗೆ ಪ್ರತಿಯಾಗಿ ಆರಾ, ಕಾರಂಜಾ ಮೊದಲಾದೆಡೆಗೆ ಹಬ್ಬಿತು. ಗಜಪತಿಗಳು ಮಾಡಿದುದು ಧರ್ಮವೋ ಅಧರ್ಮವೋ ಎಂಬ ಚರ್ಚೆ ಬಹುಕಾಲ ನಡೆಯಿತು. ಕೊಟ್ಟ ಮಾತನ್ನು ಮೀರಿದುದು ಸರಿಯಲ್ಲ. ಮೀರದಿದ್ದರೆ ಗ್ರಂಥವು ಇನ್ನೆಷ್ಟು ಕಾಲ ಕತ್ತಲೆಯಲ್ಲಿರುತ್ತಿದ್ದಿತೋ ತಿಳಿಯದು. ಇದರಲ್ಲಿ ಲಕ್ಷ್ಮೀಬಾಯಿಯವರ ಹೆಸರನ್ನು ನೆನೆಯುವವರು ಮಾತ್ರ ಕಡಿಮೆ. ಎಂಟುನೂರು ವರ್ಷಗಳ ಹಿಂದೆ ಹೆಂಗಸೊಬ್ಬಳು ಬರೆಯಿಸಿದುದನ್ನು ಇಲ್ಲಿ ಹೆಂಗಸೊಬ್ಬಳು ತಾನೇ ಬರೆದಳು.

ಆ ಗುಟ್ಟಿನ ಪ್ರತಿಯ ಸಂತತಿಯನ್ನಾಧರಿಸಿ ಹೀರಾಲಾಲರು 1939ರಲ್ಲಿ ಅಮರಾವತಿಯಿಂದ ಧವಲದ ಮೊದಲ ಸಂಪುಟವನ್ನು ಹೊರತಂದರು. ಹದಿನಾರು ಸಂಪುಟಗಳ ಆ ಸಾಹಸಕ್ಕೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಮಹಾಬಂಧವು 1947ರಿಂದ 1958ರವರೆಗೆ ಏಳು ಸಂಪುಟಗಳಾಗಿ ಭಾರತೀಯ ಜ್ಞಾನಪೀಠದಿಂದ ಬಂದಿತು. ಈ ಮಹನೀಯರ ಪರಿಶ್ರಮವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಓಲೆಯನ್ನು ನೋಡದೆ ಓಲೆಯ ಮಕ್ಕಳ ಮಕ್ಕಳನ್ನು ನೋಡಿ ಮುದ್ರಿಸಿದಾಗ ಏನಾಗುವುದೆಂಬುದಕ್ಕೆ ಮೊದಲ ಸಂಪುಟದಲ್ಲಿಯೇ ದೊಡ್ಡ ದೃಷ್ಟಾಂತ ಸಿಕ್ಕಿತು.

ಜೀವಸ್ಥಾನದ ತೊಂಬತ್ತಮೂರನೆಯ ಸೂತ್ರವು ಸ್ತ್ರೀಯರನ್ನು ಕುರಿತದ್ದು: ಮಾನುಷಿಯರು ಸಾಧನೆಯ ಯಾವ ಯಾವ ಮೆಟ್ಟಿಲುಗಳಲ್ಲಿ ಪರ್ಯಾಪ್ತರಾಗಿಯೇ ಇರುವರೆಂಬುದು ಅದರ ವಿಷಯ. ಕೈಗೆ ಬಂದ ಪ್ರತಿಗಳಲ್ಲಿ ‘ಸಂಜದ’, ಎಂದರೆ ಸಂಯತ, ಎಂಬ ಪದವಿರಲಿಲ್ಲ. ಹಿಂದುಮುಂದಿನ ವಿಚಾರವನ್ನು ನೋಡಿದರೆ ಆ ಪದವು ಅಲ್ಲಿ ಇರಬೇಕಾಗಿದೆಯೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಒಂದೇ ಪದ, ಆದರೆ ಅದು ಇದ್ದರೆ ಸ್ತ್ರೀಯು ಸಂಯಮದ ಮೆಟ್ಟಿಲನ್ನು ಏರಬಲ್ಲಳೆಂದು ಸೂತ್ರವೇ ಹೇಳಿದಂತಾಗುವುದು, ಸ್ತ್ರೀಶರೀರದಿಂದ ಮೋಕ್ಷವಿಲ್ಲವೆಂಬ ದಿಗಂಬರಮತಕ್ಕೆ ಅದು ಹೇಗೆ ಹೊಂದೀತೆಂದು ಪಂಡಿತರಲ್ಲಿ ದೊಡ್ಡ ವಾದವೆದ್ದಿತು. ಸೂತ್ರದ ಮಾನುಷಿಯೆಂದರೆ ಶರೀರದಿಂದ ಸ್ತ್ರೀಯಲ್ಲ, ಭಾವವೇದದಿಂದ ಸ್ತ್ರೀ ಎಂದು ಒಂದು ಪಕ್ಷ. ಪದವೇ ಇಲ್ಲಿ ಸಲ್ಲದು ಎಂದು ಇನ್ನೊಂದು ಪಕ್ಷ. ಅಷ್ಟರಲ್ಲಿ ಮೂಡಬಿದಿರೆಯವರು ಮೂಲ ಓಲೆಗಳೊಡನೆ ಹೋಲಿಸಿನೋಡಲು ಸಮ್ಮತಿಸಿದರು. ಓಲೆಯಲ್ಲಿ ಆ ಪದವಿದ್ದಿತು!

ಪ್ರತಿಯಿಂದ ಪ್ರತಿಗೆ ಇಳಿಯುವಾಗ ಎಲ್ಲಿಯೋ ಯಾರದೋ ಕಣ್ಣು ಜಾರಿ ಪದವು ಬಿದ್ದಿತ್ತು. ಪ್ರಾಕೃತವನ್ನು ಕನ್ನಡಲಿಪಿಯಲ್ಲಿ ಬರೆಯುವಾಗ ಒತ್ತಕ್ಷರಕ್ಕೆ ಬದಲಾಗಿ ಹಿಂದಿನ ಅಕ್ಷರದ ಮುಂದೆ ಸೊನ್ನೆಯನ್ನಿಡುವುದು ರೂಢಿ. ಆ ಸೊನ್ನೆಯೇ ಅನುಸ್ವಾರವೂ ಆಗಬಹುದು. ದಕಾರ ಧಕಾರಗಳಿಗೂ ಪಕಾರ ವಕಾರಗಳಿಗೂ ವ್ಯತ್ಯಾಸ ಕೂದಲೆಳೆಯಷ್ಟು. ಹಳಗನ್ನಡದ ಲಿಪಿಯನ್ನು ಬಲ್ಲ ಕಣ್ಣು ಬೇಕೆಂಬುದು ಇದರಿಂದ ಸ್ಪಷ್ಟ. ಶ್ರುತಪಂಚಮಿಯನ್ನು ನೋಂತ ಹೆಂಗಸು ಬರೆಯಿಸಿದ ಪುಸ್ತಕದಲ್ಲಿ ಹೆಂಗಸಿಗೆ ಸಂಬಂಧಿಸಿದ ಪದವೊಂದು ಎಂಟುನೂರು ವರ್ಷ ಮಾಸದೆ ಕುಳಿತಿದ್ದಿತು. ಅವಳಿಗೆ ಅದನ್ನು ಓದುವ ಅಧಿಕಾರವಿರಲಿಲ್ಲ, ಓದುವ ಅಧಿಕಾರವಿದ್ದವರ ಪ್ರತಿಗಳಲ್ಲಿ ಅದು ಕಾಣದಾಯಿತು. ಮುಂದೆ ಆಚಾರ್ಯ ಶಾಂತಿಸಾಗರರ ಪ್ರೇರಣೆಯಿಂದ ಸಿದ್ಧಾಂತವನ್ನು ತಾಮ್ರಪಟಗಳಲ್ಲಿ ಕೆತ್ತಿಸಿ ಫಲಟಣದಲ್ಲಿಟ್ಟಾಗ ಈ ಪದವು ತಾಮ್ರದಲ್ಲಿರಬೇಕೋ ಬೇಡವೋ ಎಂಬುದೂ ವಾದಕ್ಕೆ ಬಂದಿತು.

ಮುದ್ರಿತ ಸಂಪುಟಗಳಲ್ಲಿ ಕನ್ನಡಿಗರಿಗೆ ಒಂದು ಕೊರತೆ ಉಳಿದಿದೆ. ಸಂಪಾದಕರು ಹಿಂದಿಯಲ್ಲಿ ಅನುವಾದವನ್ನು ಕೊಟ್ಟರು, ಸರಿಯೇ. ಆದರೆ ಕನ್ನಡದ ಪ್ರಶಸ್ತಿಪದ್ಯಗಳು ಪೀಠಿಕೆಯ ಇತಿಹಾಸಸಾಮಗ್ರಿಯಾಗಿ ಮಾತ್ರ ಪರಿಗಣಿತವಾದುವು. ಚಿತ್ರಗಳು ಬೇರೆಯವರ ಪುಸ್ತಕಗಳಿಗೆ ಹೋದುವು. ಕನ್ನಡ ಸಾಹಿತ್ಯಚರಿತ್ರೆಯನ್ನು ಬರೆದವರು ಗ್ರಂಥವು ಪ್ರಾಕೃತವೆಂದು ಈ ಪದ್ಯಗಳ ಕಡೆಗೆ ತಿರುಗಿನೋಡಲಿಲ್ಲ. ಹೀಗೆ ದೇಮಿಯಕ್ಕನ ಬಾಗಿಲು ಯಾರಿಗೂ ಸೇರದ ಬಾಗಿಲಾಯಿತು. ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆಯಿಂದ ಧವಲದ ಕನ್ನಡಾನುವಾದದ ಸಂಪುಟಗಳು ಬಂದಿರುವುದು ಸಂತೋಷದ ಸಂಗತಿ. ಓಲೆಯ ಪಡಿಯಚ್ಚು, ಅದರೆದುರಿಗೆ ಪಾಠ, ಚಿತ್ರವಿದ್ದಲ್ಲಿ ಚಿತ್ರ, ಪ್ರಶಸ್ತಿಯಿದ್ದಲ್ಲಿ ಪ್ರಶಸ್ತಿ ಹೀಗೆ ಕೂಡಿಸಿದ ಒಂದು ಸಂಪುಟವಾದರೂ ಸಾಮಾನ್ಯ ವಾಚಕನ ಕೈಗೆ ಬರಬೇಕಾಗಿದೆ.

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಕಡೆಯ ಮಠಮನೆಗಳ ಮಾತು ಇದಕ್ಕಿಂತ ಬಹಳ ಬೇರೆಯಲ್ಲ. ಇಲ್ಲಿಯ ಸಂಪ್ರದಾಯ ವೀರಶೈವರದು; ಉಜ್ಜಿನಿಯ ಪೀಠವೂ ಕೊಟ್ಟೂರೇಶ್ವರನ ಸನ್ನಿಧಿಯೂ ಇರುವ ನಾಡು. ವಚನದ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ, ವಿಭೂತಿ ಧರಿಸಿ, ಜಗಲಿಯ ಮೇಲಿಟ್ಟು ಪೂಜಿಸುವುದು ಕನ್ನಡನಾಡಿನ ವೀರಶೈವ ಮನೆತನಗಳಲ್ಲಿ ಬಹುಕಾಲದ ರೂಢಿ. ಫ. ಗು. ಹಳಕಟ್ಟಿಯವರು ಅಂತಹ ಕಟ್ಟುಗಳನ್ನು ಮನೆಮನೆಯಿಂದ ಬೇಡಿ ತಂದುದರಿಂದಲೇ 1923ರಲ್ಲಿ ವಚನಶಾಸ್ತ್ರಸಾರವು ಬೆಳಕಿಗೆ ಬಂದಿತು. ವಚನಕ್ಕೆ ಸಿದ್ಧಾಂತದಂತೆ ಅಧಿಕಾರದ ನಿರ್ಬಂಧವಿರಲಿಲ್ಲ. ಹೆಂಗಸರೂ ಕಾಯಕದವರೂ ಹೇಳಿದ ಮಾತುಗಳವು. ಆದರೂ ಕಟ್ಟು ಕಟ್ಟಾಗಿಯೇ ಉಳಿದು ಪೂಜೆಗೊಂಡಿತು. ಬಸದಿಯಾಗಲಿ ಮಠವಾಗಲಿ, ಓದುಗನು ಇಲ್ಲದಾದ ದಿನ ಓಲೆಗೆ ಹೂವು ಏರುವುದೆಂದು ತೋರುತ್ತದೆ.

ಪೂಜೆ ಬೇಡವೆಂದು ಯಾರೂ ಹೇಳಲಾರರು. ಪೂಜೆ ಮಾಡಿದವರೇ ಕಾಪಾಡಿದವರು. ಆದರೆ ಓಲೆಗೆ ಪೂಜೆಯೊಂದೇ ಸಾಲದು. ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಧೂಳೊರಸಿ ಒಣಹವೆ ತಾಗಿಸಿ ಎಣ್ಣೆಯ ಲೇಪ ಕೊಡದಿದ್ದರೆ ಅದು ಸೆಟೆದು ಮುರಿಯುವುದು. ನೀರಿನಲ್ಲಿ ನೆನೆದ ಹೂವು, ಕುಂಕುಮ, ಅಕ್ಷತೆಗಳು ಹುಳುವನ್ನು ಕರೆಯುವುವು. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಮೂಡಬಿದಿರೆ ಮೊದಲಾದ ಭಂಡಾರಗಳ ತಾಡಪತ್ರಗಳ ಸೂಚಿಯನ್ನು ಪ್ರಕಟಿಸಿದಾಗ ಕಟ್ಟನ್ನು ಯಾರೂ ಕಿತ್ತುಕೊಂಡು ಹೋಗಲಿಲ್ಲ. ಒಳಗೇನಿದೆಯೆಂಬುದು ಮಾತ್ರ ಲೋಕಕ್ಕೆ ತಿಳಿಯಿತು. ಹೊಸಪೇಟೆಯ ಆಚೆಗೇ ಇರುವ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆಂದೇ ವಿಭಾಗವಿದೆ. ಈ ಐದು ತಾಲ್ಲೂಕುಗಳಲ್ಲಿ ಯಾವ ಮಠದಲ್ಲಿ, ಯಾವ ಮನೆಯ ಜಗಲಿಯಲ್ಲಿ, ಎಷ್ಟು ಕಟ್ಟುಗಳಿವೆ. ಅವುಗಳ ಕೊನೆಯ ಗರಿಯಲ್ಲಿ ಬರೆಯಿಸಿದವರ ಹೆಸರೇನಿದೆ. ಅಂಚಿನಲ್ಲಿ ಒಂದು ಲಿಂಗವೋ ಒಂದು ಬಳ್ಳಿಯೋ ಗೀಚಿದ್ದರೆ ಅದು ಯಾವ ಗರಿಯಲ್ಲಿದೆ ಎಂದು ಬರೆದಿಟ್ಟುಕೊಳ್ಳಲು ಪಂಡಿತರೇ ಬರಬೇಕೆಂದಿಲ್ಲ. ಹಳೆಯ ಅಕ್ಷರವನ್ನು ಕೂಡಿಸಿ ಓದಬಲ್ಲ ಇಬ್ಬರು ಹುಡುಗರೂ, ಕಟ್ಟನ್ನು ಬಿಚ್ಚಲು ಒಪ್ಪುವ ಒಬ್ಬ ಯಜಮಾನಿತಿಯೂ ಇದ್ದರೆ ಕೆಲಸ ತೊಡಗಬಹುದು.